ಸೌಂಡ್ ಡ್ರೈವರಿಗೊಂದು ಕಚೇರಿ ಟಿಪ್ಪಣಿ

ನಮ್ಮ ಕಸುಬಿನಲ್ಲಿ ಕೀರ್ತಿಗೆ ಅವಕಾಶವಿಲ್ಲ. ಹೊಸದಾಗಿ ಬರುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಕಂಪ್ಯೂಟರಿನಿಂದ ಹಾಡು ಸರಿಯಾಗಿ ಬಂದರೆ ಕೇಳಿದವರು ಹಾಡಿದವರನ್ನು ಹೊಗಳುತ್ತಾರೆ. ಸರಿಯಾಗಿ ಬರದಿದ್ದರೆ ನಮ್ಮನ್ನು ನೆನೆಯುತ್ತಾರೆ. ನಾನು ವರ್ಷಗಟ್ಟಲೆ ದುಡಿದು, ಯಾರೂ ನೆನೆಯದಷ್ಟು ಪರಿಣತಿಯನ್ನು ಸಂಪಾದಿಸಿಕೊಂಡೆ. ಈಗ ನಿವೃತ್ತನಾಗಿ ಸ್ಯಾನ್ ರಮೋನಿನಲ್ಲಿದ್ದೇನೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಬಂದದ್ದು ಎರಡು, ಎರಡು ಸಲವೂ ಕುರ್ಚಿ ಬದಲಾಯಿತು, ಕೆಲಸ ಬದಲಾಗಲಿಲ್ಲ.

ಅಮೆರಿಕಕ್ಕೆ ಬರುವ ಮುನ್ನ ಹದಿನೆಂಟು ವರ್ಷ ಬೆಂಗಳೂರಿನ ಒಂದು ಸರ್ಕಾರಿ ಟೆಲಿಫೋನ್ ಕಾರ್ಖಾನೆಯಲ್ಲಿದ್ದೆ. ನನ್ನ ಹೆಂಡತಿ ವಸಂತಳ ಅಣ್ಣ ಅರ್ಜಿ ಹಾಕಿ ಕರೆಸಿಕೊಂಡಾಗ ನನಗೆ ನಲವತ್ತೈದು. ಬೆರ್ರಿಯೆಸಾದಲ್ಲಿ ಒಂದು ಅಪಾರ್ಟ್‌ಮೆಂಟು ಹಿಡಿದೆವು. ಇಂಟರ್ನೆಟ್ ಕಂಪನಿಗಳು ಅಣಬೆಗಳಂತೆ ಏಳುತ್ತಿದ್ದ ಡಾಟ್‌ಕಾಂ ಕಾಲ, ರೆಸ್ಟೋರೆಂಟಿನಲ್ಲಿ ಪಕ್ಕದ ಮೇಜಿನವರು ಹೆಸರು ಕೇಳುವ ಮೊದಲು ‘ಯಾವ ಕಂಪನಿ’ ಎಂದು ಕೇಳುತ್ತಿದ್ದರು. ನನ್ನನ್ನು ಮೆನ್ಲೋ ಪಾರ್ಕಿನ ಒಂದು ಸಣ್ಣ ಕಂಪನಿ ಕರೆಯಿತು. ಸಂದರ್ಶನ ಮಾಡಿದವರು ಮಂಗಳೂರಿನ ಶೆಣೈಯವರು, ಮುಂದೆ ನನ್ನ ಮೇಲಧಿಕಾರಿ. ಅವರ ಪ್ರಶ್ನೆ ಒಂದೇ.

“ಫೋನಿನಲ್ಲಿ ಮಾತಾಡುವಾಗ ನಡುವೆ ಟಕ್ ಅಂತ ಬಂದ್ರೆ ನೀವು ಅಲ್ಲಿ ಎಂತ ಮಾಡ್ತಿದ್ದದ್ದು?”

“ಮೊದಲು ಸುಮ್ಮನೆ ಕೂತು ಕೇಳ್ತಿದ್ದೆ ಸಾರ್. ಎಷ್ಟು ಹೊತ್ತಿಗೊಂದು ಸಲ ಬರುತ್ತೆ ಅಂತ ಗೊತ್ತಾದರೆ ಎಲ್ಲಿಂದ ಬರುತ್ತೆ ಅನ್ನೋದು ಅರ್ಧ ಗೊತ್ತಾದ ಹಾಗೆ.”

“ಸಾಕು ಮಾರಾಯ್ರೆ. ಬೆಳಿಗ್ಗೆಯಿಂದ ಆರು ಜನರನ್ನು ನೋಡಿದೆ. ಎಲ್ಲರೂ ಮೊದಲು ಕೋಡು ಬದಲು ಮಾಡ್ತೇವೆ ಅಂದ್ರು. ನೀವೊಬ್ಬರು ಕೇಳ್ತೇನೆ ಅಂದ್ರಿ.”

ನಾವು ಮಾಡುತ್ತಿದ್ದದ್ದು ಹಜಾರದಲ್ಲಿಡುವ ಒಂದು ಪೆಟ್ಟಿಗೆ. ಮನೆಯ ಸಿ.ಡಿ.ಗಳ ಹಾಡುಗಳನ್ನೆಲ್ಲ ಅದರೊಳಗಿನ ಡಿಸ್ಕಿಗೆ ತುಂಬಿಸಿ, ಬೇಕಾದಾಗ ಗುಂಡಿ ಒತ್ತಿ ಕೇಳಬಹುದು. ಪೆಟ್ಟಿಗೆಯೊಳಗೆ ಓಡುತ್ತಿದ್ದದ್ದು ಲಿನಕ್ಸ್. ಲೋಕದ ನಾನಾ ಕಡೆಯ ಜನ ಸೇರಿ ಬರೆದು, ಬಾಗಿಲಿಗೆ ಬೀಗ ಹಾಕದೆ ಬಿಟ್ಟಿದ್ದ ಆಪರೇಟಿಂಗ್ ಸಿಸ್ಟಮ್ಮು. ಅದಕ್ಕೂ ಸದ್ದು ಹೊರಡಿಸುವ ಸೌಂಡ್ ಕಾರ್ಡಿಗೂ ನಡುವೆ ನಿಂತು ಸದ್ದನ್ನು ದಾಟಿಸುವ ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದು ನನ್ನ ಪಾಲಿಗೆ ಬಂತು.

ಈ ಡ್ರೈವರಿನ ಕಷ್ಟವನ್ನು ಮದುವೆ ಊಟದ ಪಂಕ್ತಿಯಲ್ಲಿ ಬಡಿಸಿದವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಸೌಂಡ್ ಕಾರ್ಡು ಉಣ್ಣಲು ಕೂತಿದೆ. ಅದರ ಎಲೆ ಎಂದೂ ಖಾಲಿಯಾಗಕೂಡದು. ಬಡಿಸುವವನು ಒಬ್ಬನೇ, ಅವನಿಗೆ ಡಿಸ್ಕು, ಪರದೆ, ನೆಟ್‌ವರ್ಕು ಎಂದು ನೂರೆಂಟು ಕೆಲಸ. ಅವನು ಆ ಕಡೆ ತಿರುಗಿದಾಗ ಎಲೆ ಖಾಲಿಯಾದರೆ ಹಾಡಿನ ನಡುವೆ ಟಕ್. ಮೊದಲೇ ರಾಶಿ ಸುರಿದು ಹೋದರೆ ಟಕ್ ಇಲ್ಲ; ಆದರೆ ನೀವು ಗುಂಡಿ ಒತ್ತಿದ ಮೇಲೂ ಹಿಂದಿನ ಹಾಡು ಮುಗಿಯದೆ ಕುಂಟುತ್ತಿರುತ್ತದೆ. ಎಷ್ಟು ಬಡಿಸಬೇಕು, ಎಷ್ಟು ಹೊತ್ತಿಗೆ ಬಡಿಸಬೇಕು ಎನ್ನುವುದರಲ್ಲೇ ನನ್ನ ಎರಡು ವರ್ಷ ಹೋಯಿತು. ವ್ಯರ್ಥವಾಯಿತೆಂದು ಈಗಲೂ ಅನ್ನಿಸಿಲ್ಲ.

ನನ್ನ ಜೊತೆಗಿದ್ದವನು ಗ್ರೆಗ್, ಬಿಡುವಿನಲ್ಲಿ ಗಿಟಾರ್ ನುಡಿಸುತ್ತಿದ್ದ ಸಾಧು ಮನುಷ್ಯ. ಡ್ರೈವರನ್ನು ಅವನು ಪರೀಕ್ಷಿಸುತ್ತಿದ್ದದ್ದು ಡ್ರಮ್ಮು ಗಿಟಾರುಗಳ ಅಬ್ಬರದ ಹಾಡುಗಳಲ್ಲಿ. ಆ ಗದ್ದಲದಲ್ಲಿ ಪೆಟ್ಟಿಗೆಯೇ ಮೇಜಿನಿಂದ ಬಿದ್ದರೂ ತಾಳದ ಭಾಗವೆಂದು ತಿಳಿಯಬೇಕಿತ್ತು. ‘ಒಂದೂ ತಪ್ಪಿಲ್ಲ’ ಎಂದು ಅವನು ವರದಿ ಕೊಟ್ಟ ಸಂಜೆ ನಾನು ಪೆಟ್ಟಿಗೆಯನ್ನು ಮನೆಗೆ ಒಯ್ದೆ. ವಸಂತ ಅಕ್ಕಪಕ್ಕದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಅವಳ ತಂಬೂರಿಯ ಶ್ರುತಿಯನ್ನು ಒಂದು ಗಂಟೆ ಧ್ವನಿಮುದ್ರಿಸಿ ಪೆಟ್ಟಿಗೆಯಲ್ಲಿ ಹಾಕಿದೆ. ಐದು ನಿಮಿಷ ಆಗಿರಲಿಲ್ಲ, ಅಡುಗೆಮನೆಯಿಂದ ತೀರ್ಪು ಬಂತು.

“ರೀ, ನಿಮ್ಮ ತಂಬೂರಿಗೆ ಬಿಕ್ಕಳಿಕೆ ಹತ್ತಿದೆ.”

“ಎಷ್ಟು ಸಲ ಬಂತು?”

“ಒಗ್ಗರಣೆ ಹಾಕೋ ಅಷ್ಟರಲ್ಲಿ ಮೂರು. ಅದಕ್ಕೆ ನೀರು ಕುಡಿಸಿ, ಇಲ್ಲ ನಿಲ್ಲಿಸಿ. ನಾಳೆ ಪಾಠ ಇದೆ, ನನ್ನ ಕಿವಿ ಕೆಡುತ್ತೆ.”

ಬಿಡದೆ ಹರಿಯುವ ಒಂದೇ ನಾದದಲ್ಲಿ ಕೂದಲೆಳೆಯಷ್ಟು ತುಂಡಾದರೂ ಕಿವಿಗೆ ಚುಚ್ಚುತ್ತದೆ. ಮರುದಿನದಿಂದ ನಮ್ಮ ಆಫೀಸಿನಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೊಂದು ತಂಬೂರಿಯ ಹೊತ್ತಾಯಿತು. ಗ್ರೆಗ್ ಮೊದಲ ವಾರ, ‘ರಿಪೇರಿಗೆ ಬಂದ ಫ್ರಿಜ್ಜಿನ ಪಕ್ಕ ಕೂತ ಹಾಗಿದೆ’ ಎಂದ. ಎರಡನೆಯ ವಾರ ಒಂದು ಟಕ್ಕನ್ನು ನನಗಿಂತ ಮೊದಲೇ ಹಿಡಿದ. ಮೂರನೆಯ ವಾರ, ಹತ್ತು ಗಂಟೆಗೆ ನಾನು ಮೀಟಿಂಗಿನಲ್ಲಿ ಸಿಕ್ಕಿಕೊಂಡಿದ್ದರೆ, ಅವನೇ ಎದ್ದು ಹೋಗಿ ಹಚ್ಚುತ್ತಿದ್ದ. ಡಿಸ್ಕಿಗೆ ಬರೆಯುವಾಗೆಲ್ಲ ಟಕ್ ಬರುತ್ತಿದೆ ಎನ್ನುವುದನ್ನು ನಾವಿಬ್ಬರೂ ಪತ್ತೆ ಹಚ್ಚಿದ್ದು ಈ ಉಪಾಯದಿಂದ. ನಿಮ್ಮ ಬಳಿ ಈಗ ಇದನ್ನೆಲ್ಲ ಅಳೆಯುವ ಉಪಕರಣಗಳಿವೆ. ಇರಲಿ, ಆದರೂ ಒಂದು ತಂಬೂರಿ ಇಟ್ಟುಕೊಳ್ಳಿ.

ಡಿಸ್ಕಿನ ತೊಂದರೆಗೆ ಪರಿಹಾರವನ್ನು ಬರೆದ ಮೇಲೆ ಅದನ್ನು ಲಿನಕ್ಸ್ ಸೌಂಡಿನ ಸಾರ್ವಜನಿಕ ಮೇಲಿಂಗ್ ಲಿಸ್ಟಿಗೆ, ಅಂದರೆ ಒಬ್ಬರು ಬರೆದ ಇ-ಮೇಲ್ ಎಲ್ಲ ಸದಸ್ಯರಿಗೂ ಹೋಗುವ ಪಟ್ಟಿಗೆ, ಕಳಿಸಲು ಶೆಣೈಯವರು ಹೇಳಿದರು. ಇಂಥ ತಿದ್ದುಪಡಿಗೆ ಪ್ಯಾಚ್ ಎನ್ನುತ್ತಾರೆ. ಅಲ್ಲಿ ಬಂದ ಪ್ಯಾಚುಗಳನ್ನು ನೋಡಿ ಸೇರಿಸುವ ಇಲ್ಲವೇ ತಳ್ಳುವ ಅಧಿಕಾರ ಯುರೋಪಿನಲ್ಲಿದ್ದ ಹೆನ್ರಿಕ್ ಎಂಬವರದು. ನಾನು ಕಾರ್ಖಾನೆಯ ಪದ್ಧತಿಯಂತೆ, ‘ಮಾನ್ಯರೇ, ತಮ್ಮ ಸನ್ನಿಧಿಯಲ್ಲಿ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂಬರ್ಥದ ಇಂಗ್ಲಿಷಿನಲ್ಲಿ ಎರಡು ಪುಟದ ಪತ್ರ ಬರೆದು, ವಿಷಯ ಮತ್ತು ಉಲ್ಲೇಖ ನಮೂದಿಸಿ, ಪ್ಯಾಚನ್ನು ಟೈಪಿಸಿದ ದಾಖಲೆಯಾಗಿ ಲಗತ್ತಿಸಿ, ‘ತಮ್ಮ ಅತ್ಯಂತ ವಿಧೇಯ’ ಎಂದು ಮುಗಿಸಿದೆ. ಎರಡು ದಿನಕ್ಕೆ ಉತ್ತರ ಬಂತು: ‘ಲಗತ್ತು ತೆರೆಯುವುದಿಲ್ಲ. ಕೋಡನ್ನು ಪತ್ರದೊಳಗೇ ಹಾಕಿ. ಪತ್ರ ಬೇಡ.’

ಪಟ್ಟಿಯ ಸಾವಿರಾರು ಮಂದಿ ಇದನ್ನು ಓದಿದರು. ಅವರು ಹೇಳಿದ ಹಾಗೆಯೇ ಕಳಿಸಿದೆ. ಹೆನ್ರಿಕ್ ಹದಿನೇಳು ತಪ್ಪು ತೋರಿಸಿದರು. ತಿದ್ದಿ ಕಳಿಸಿದೆ, ಐದು ಉಳಿದಿದ್ದವು. ನಾಲ್ಕನೆಯ ಸಲಕ್ಕೆ ಪ್ಯಾಚು ಒಳಗೆ ಹೋಯಿತು. ಇಷ್ಟು ವರ್ಷದ ಸೇವೆಯಲ್ಲಿ ನನ್ನ ಕೆಲಸವನ್ನು ಒಬ್ಬ ಮನುಷ್ಯ ಇಷ್ಟು ಗಮನವಿಟ್ಟು ಓದಿದ್ದು ಅದೇ ಮೊದಲು. ಬೈಸಿಕೊಂಡು ಬಂದವನಿಗೆ ಇಷ್ಟು ಹಿಗ್ಗು ಯಾಕೆಂದು ವಸಂತ ಕೇಳಿದಳು.

ಇನ್ನು ನನ್ನ ದೊಡ್ಡ ತಪ್ಪಿನ ವಿಷಯ.

ಪೆಟ್ಟಿಗೆ ಸಿದ್ಧವಾದ ಮೇಲೆ ಪ್ರಯೋಗಕ್ಕೆಂದು ನಲವತ್ತು ಮನೆಗಳಿಗೆ ಕಳಿಸಿದೆವು. ಜೊತೆಯಲ್ಲಿ ಏನೇನು ಹೋಗಬೇಕೆಂಬ ಪಟ್ಟಿ ಮಾಡಿದವನು ನಾನು. ವೈರು, ಕೈಪಿಡಿ, ಗ್ಯಾರಂಟಿ ಕಾರ್ಡು, ತೇವ ಹೀರುವ ಪುಡಿಯ ಸಣ್ಣ ಪೊಟ್ಟಣ, ಆ ಪೊಟ್ಟಣವನ್ನು ತಿನ್ನಬಾರದೆಂಬ ಸೂಚನೆ. ಹದಿನಾಲ್ಕು ಬಾಬು, ಎಲ್ಲಕ್ಕೂ ಗುರುತು ಹಾಕಿ ಸಹಿ ಮಾಡಿದೆ. ಬಿಟ್ಟುಹೋದದ್ದು ಒಂದೇ. ಲಿನಕ್ಸನ್ನು ತಿದ್ದಿ ಇನ್ನೊಬ್ಬರ ಕೈಗೆ ಕೊಡುವವರು ಆ ತಿದ್ದುಪಡಿಯ ಸೋರ್ಸ್ ಕೋಡನ್ನು, ಅಂದರೆ ಮನುಷ್ಯರು ಓದಬಹುದಾದ ಮೂಲ ಬರಹವನ್ನು, ಜೊತೆಗೆ ಕೊಡಬೇಕು, ಇಲ್ಲವೇ ಕೇಳಿದಾಗ ಕೊಡುತ್ತೇವೆಂದು ಬರೆದಿಡಬೇಕು. ಅದು ಲೈಸೆನ್ಸಿನ ಕರಾರು. ನಮ್ಮಲ್ಲಿ ಪಕ್ಕದ ಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ ಆ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲವಲ್ಲ, ಹಾಗೆ. ನಾನು ಖಾಲಿ ಪಾತ್ರೆಯನ್ನೂ ಹಿಂದಿರುಗಿಸಿರಲಿಲ್ಲ.

ನಲವತ್ತು ಮನೆಗಳಲ್ಲಿ ಒಂದರ ಯಜಮಾನ ಪೆಟ್ಟಿಗೆ ಬಿಚ್ಚಿ ನೋಡಿ ಮೇಲಿಂಗ್ ಲಿಸ್ಟಿಗೆ ಬರೆದ. ಹೆನ್ರಿಕ್ ಎಲ್ಲರೆದುರು ನನಗೇ ಪ್ರಶ್ನೆ ಹಾಕಿದರು: ‘ಈ ಪೆಟ್ಟಿಗೆಯ ಡ್ರೈವರಿನಲ್ಲಿ ನಿಮ್ಮ ಹೆಸರಿದೆ. ಸೋರ್ಸ್ ಎಲ್ಲಿ?’

ನಾನು ಯೋಚಿಸದೆ ಮಾತು ಕೊಟ್ಟೆ. ಮೂವತ್ತು ದಿನಗಳಲ್ಲಿ ಪ್ರಕಟಿಸುತ್ತೇವೆಂದು ಬರೆದೆ.

“ಮೂರ್ತಿಗಳೇ,” ಎಂದರು ಶೆಣೈಯವರು, ಬಾಗಿಲು ಮುಚ್ಚಿ. “ಕಂಪನಿಯ ಪರವಾಗಿ ಮಾತು ಕೊಡ್ಲಿಕ್ಕೆ ನಿಮಗೆ ಯಾರು ಹೇಳಿದ್ದು?”

“ಯಾರೂ ಹೇಳಲಿಲ್ಲ ಸಾರ್. ತಪ್ಪು ನನ್ನದು, ಅದಕ್ಕೆ ನಾನೇ ಹೇಳಿದೆ.”

“ಬ್ರಾಡ್ಲಿ ಕೋಡು ಹೊರಗೆ ಬಿಡುದಿಲ್ಲ. ಕಂಪನಿ ಮಾರ್ಲಿಕ್ಕೆ ಹೊರಟಿದ್ದಾನೆ ಅವ. ಕೊಳ್ಳುವವರಿಗೆ ಎಲ್ಲ ನಮ್ಮದೇ ಅಂತ ತೋರಿಸ್ಬೇಕು ಅವನಿಗೆ.”

“ಎಲ್ಲ ನಮ್ಮದಲ್ಲವಲ್ಲ.”

“ಅದು ನನಗೆ ಗೊತ್ತುಂಟು ಮಾರಾಯ್ರೆ. ಅವನಿಗೆ ಹೇಳಿ.”

ಬ್ರಾಡ್ಲಿ ಕಂಪನಿಯ ಮುಖ್ಯಸ್ಥ. ಕುರ್ಚಿಯಲ್ಲಿ ಕೂತವರಿಗೆ ಹೊಸ ಆಲೋಚನೆ ಬರುವುದಿಲ್ಲವೆಂದು ನಂಬಿ, ಮೀಟಿಂಗುಗಳನ್ನೆಲ್ಲ ಹಿತ್ತಲಿನ ವಾಲಿಬಾಲ್ ನೆಟ್ಟಿನ ಪಕ್ಕ ನಿಂತೇ ನಡೆಸುತ್ತಿದ್ದ. ನಾನು ವಿಷಯ ಹೇಳಿದೆ. ‘ಬಹಳ ಒಳ್ಳೆಯ ವಿಚಾರ, ಮುಂದಿನ ವಾರ ಮಾತಾಡೋಣ’ ಎಂದು ಬೆನ್ನು ತಟ್ಟಿದ. ಮುಂದಿನ ವಾರವೂ ಅದೇ ಹೇಳಿ ಅದೇ ಜಾಗದಲ್ಲಿ ತಟ್ಟಿದ. ನಮ್ಮ ಕಾರ್ಖಾನೆಯಲ್ಲಿ ಇದಕ್ಕೆ ‘ಪರಿಶೀಲನೆಯಲ್ಲಿದೆ’ ಎನ್ನುತ್ತಿದ್ದೆವು. ಸಮುದ್ರ ದಾಟಿ ಬಂದರೂ ಹಳೆಯ ಪರಿಚಯದವರು ಸಿಕ್ಕಂತಾಯಿತು.

ಪ್ರಕಟಿಸಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಒತ್ತಿಬಿಡು, ಕೆಲಸ ಹೋದರೆ ನಾಳೆ ಇನ್ನೊಂದು ಸಿಗುತ್ತದೆ ಎಂದು ಗ್ರೆಗ್ ಹೇಳಿದ. ಆ ಕಾಲಕ್ಕೆ ಅದು ಸುಳ್ಳೇನಲ್ಲ. ಆದರೆ ನಮ್ಮ ಬದಲಾವಣೆಗಳ ಮೇಲೆ ಕಂಪನಿಯ ಹೆಸರಿತ್ತು. ಒಪ್ಪಿಗೆಯಿಲ್ಲದೆ ಬಿಟ್ಟರೆ ಒಂದು ಕಳ್ಳತನವನ್ನು ಇನ್ನೊಂದರಿಂದ ಸರಿಮಾಡಿದಂತೆ. ಒಪ್ಪಿಗೆ ಸಿಗದೆ ಮೂವತ್ತು ದಿನ ಕಳೆದರೆ, ನನ್ನ ಹೆಸರಿನ ಪಕ್ಕ ಆ ಪಟ್ಟಿಯಲ್ಲಿ ಮಾತು ತಪ್ಪಿದವನೆಂದು ಉಳಿಯುತ್ತದೆ. ಅಲ್ಲಿನ ಪತ್ರಗಳನ್ನು ಯಾರೂ ಅಳಿಸುವುದಿಲ್ಲ.

ಆದ್ದರಿಂದ ನನಗೆ ಗೊತ್ತಿದ್ದ ಏಕೈಕ ಶಸ್ತ್ರವನ್ನು ಹಿಡಿದೆ. ಟಿಪ್ಪಣಿ ಮಂಡಿಸಿದೆ.

ಸರ್ಕಾರಿ ಕಚೇರಿಯ ಟಿಪ್ಪಣಿಯನ್ನು ನೋಡದವರಿಗೆ ಹೇಳುತ್ತೇನೆ. ಮೇಲೆ ವಿಷಯ, ಅದರ ಕೆಳಗೆ ಉಲ್ಲೇಖ, ಆಮೇಲೆ ಸಂಖ್ಯೆ ಹಾಕಿದ ಕಂಡಿಕೆಗಳು; ನನ್ನದರಲ್ಲಿ ಮೂರನೆಯದು ಲೈಸೆನ್ಸಿನ ಕರಾರು. ಕೊನೆಯಲ್ಲಿ ‘ಅನುಮೋದಿಸಿದೆ / ಅನುಮೋದಿಸಿಲ್ಲ’ ಎಂದು ಬರೆದು, ಸಹಿಗೆ ಜಾಗ ಬಿಟ್ಟು, ಶೆಣೈಯವರ ಮೂಲಕ ಮೇಲಕ್ಕೆ. ಅನುಬಂಧದಲ್ಲಿ ಡ್ರೈವರಿನ ಪ್ರತಿಯೊಂದು ಫೈಲನ್ನೂ ಹೆಸರಿಸಿ, ಯಾವ ಸಾಲು ಸಾರ್ವಜನಿಕರದು, ಯಾವುದು ನಮ್ಮದು, ಯಾರು ಬರೆದದ್ದು ಎಂದು ಪಟ್ಟಿ ಮಾಡಿದೆ. ಇದಕ್ಕೇ ಒಂದು ವಾರ ಹಿಡಿಯಿತು, ಅರವತ್ತೆರಡು ಪುಟವಾಯಿತು. ಉತ್ತರ ಬರಲಿಲ್ಲ. ನೆನಪೋಲೆ ಒಂದು ಕಳಿಸಿದೆ, ಹಿಂದಿನದನ್ನು ಉಲ್ಲೇಖಿಸಿ. ನೆನಪೋಲೆ ಎರಡು, ಹಿಂದಿನ ಎರಡನ್ನೂ ಉಲ್ಲೇಖಿಸಿ. ಗ್ರೆಗ್ ಇವುಗಳ ನಕಲನ್ನು ಆಫೀಸಿನ ಫ್ರಿಜ್ಜಿನ ಬಾಗಿಲಿಗೆ ಅಂಟಿಸತೊಡಗಿದ. ಕಾಫಿಗೆ ಹಾಲು ತೆಗೆಯಲು ಬಂದವರು ನಿಂತು ಓದಿ ನಗುತ್ತಿದ್ದರು. ಆರನೆಯ ನೆನಪೋಲೆಯ ಹೊತ್ತಿಗೆ ಶೆಣೈಯವರೂ ನಕ್ಕರು.

“ಎಂತದು ಮಾರಾಯ್ರೆ ಇದು, ಇವನಿಗೆ ಕಂಡಿಕೆ ಮೂರು ನೋಡಿ ಅಂತ ಬರೆದಿದ್ದೀರಿ. ಅವ ಪ್ಯಾರಾಗ್ರಾಫೇ ಓದುದಿಲ್ಲ.”

“ಓದದಿದ್ದರೆ ಪರವಾಗಿಲ್ಲ ಸಾರ್. ಕಡತ ಪೂರ್ತಿ ಇರಬೇಕು.”

“ನೀವು ನನ್ನನ್ನು ಕೂಡ ಸಿಕ್ಕಿಸಿ ಹಾಕಿದ್ರಿ. ಪ್ರತಿಯೊಂದರಲ್ಲೂ ‘ಶೆಣೈಯವರ ಮೂಲಕ’ ಅಂತ ಉಂಟು,” ಎಂದು ಆರನೆಯದಕ್ಕೂ ಸಹಿ ಹಾಕಿ ಮೇಲಕ್ಕೆ ಕಳಿಸಿದರು. ಮೇಲಧಿಕಾರಿಗಳನ್ನು ಹಲವರನ್ನು ಕಂಡಿದ್ದೇನೆ. ಬೈಯುತ್ತಲೇ ಸಹಿ ಹಾಕುವವರೇ ಕೊನೆಗೆ ಜೊತೆಗಿರುತ್ತಾರೆ.

ಇಪ್ಪತ್ತಾರನೆಯ ದಿನ, ಕೊಳ್ಳಲಿದ್ದ ದೊಡ್ಡ ಕಂಪನಿಯವರು ಬಂದರು. ಅವರ ಪರವಾಗಿ ಪ್ರಶ್ನೆ ಕೇಳುತ್ತಿದ್ದವರು ನರೆತ ಕೂದಲಿನ ಒಬ್ಬ ವಕೀಲೆ. ಅವರು ನಿಂತು ಮೀಟಿಂಗ್ ಮಾಡಲು ಒಪ್ಪದ ಕಾರಣ ಎಲ್ಲರೂ ಕುರ್ಚಿಗಳನ್ನು ಹುಡುಕಿ ತಂದು ಕೂತೆವು. ಪೆಟ್ಟಿಗೆಯ ಕೋಡಿನಲ್ಲಿ ನಿಮ್ಮದೆಷ್ಟು, ಹೊರಗಿನದೆಷ್ಟು ಎಂದು ಆಕೆ ಕೇಳಿದರು. ಮುಖ್ಯವಾದದ್ದೆಲ್ಲ ನಮ್ಮದೇ ಎಂದ ಬ್ರಾಡ್ಲಿ.

ಆಕೆ ಅವನನ್ನು ಬಿಟ್ಟು ನಮ್ಮ ಕಡೆ ನೋಡಿದರು. ಗ್ರೆಗ್ ತನ್ನ ಬೂಟಿನ ಲೇಸನ್ನು ಪರಿಶೀಲಿಸಿದ. ಶೆಣೈಯವರು ನನ್ನ ಕಡೆ ವಾಲಿ ಕನ್ನಡದಲ್ಲಿ ಕೇಳಿದರು.

“ನಿಮ್ಮ ಆ ದಪ್ಪ ಕಡತ ಎಲ್ಲುಂಟು?”

“ನನ್ನ ಮೇಜಿನ ಮೇಲೆ.”

“ತನ್ನಿ. ಹೋದ್ರೆ ಇಬ್ಬರ ಕೆಲಸವೂ ಒಟ್ಟಿಗೇ ಹೋಗ್ಲಿ.”

ತಂದೆ. ಆಕೆ ಕನ್ನಡಕ ಹಾಕಿಕೊಂಡು ಓದತೊಡಗಿದರು. ಬ್ರಾಡ್ಲಿ ಎರಡು ಸಲ ಏನೋ ಹೇಳಲು ಹೋದ. ಎರಡು ಸಲವೂ ಆಕೆ ಕಣ್ಣೆತ್ತದೆ ಕೈಯೆತ್ತಿದರು. ಅನುಬಂಧವನ್ನು ಕೊನೆಯ ಪುಟದವರೆಗೂ ತಿರುವಿ, ನಂತರ ಟಿಪ್ಪಣಿಗೆ, ಅದರ ಆರು ನೆನಪೋಲೆಗಳಿಗೆ ಬಂದರು. ಒಂದೊಂದನ್ನೂ ಓದಿದರು. ಕಂಡಿಕೆ ಮೂರನ್ನು ಮತ್ತೆ ನೋಡಿದರು. ಆಮೇಲೆ ಕೊನೆಯ ಹಾಳೆಯನ್ನು ಬ್ರಾಡ್ಲಿಯ ಕಡೆ ತಿರುಗಿಸಿ, ಸಹಿಯ ಜಾಗದ ಮೇಲೆ ಬೆರಳಿಟ್ಟು ಕೇಳಿದರು:

“ಇದು ಯಾಕೆ ಖಾಲಿ ಇದೆ?”

ಅವನು ಮುಂದಿನ ವಾರದ ಮಾತನ್ನು ಅಲ್ಲೂ ಎತ್ತಿದ. ಈ ಲೋಪ ಸರಿಹೋಗದ ಕೋಡನ್ನು ನಮ್ಮ ಕಂಪನಿ ಮುಟ್ಟುವುದಿಲ್ಲ, ಮೊದಲು ಪ್ರಕಟಿಸಿ, ಆಮೇಲೆ ಮಾತು ಎಂದು ಆಕೆ ಹೇಳಿ, ತಮ್ಮ ಪೆನ್ನನ್ನೇ ಕೊಟ್ಟರು. ಬ್ರಾಡ್ಲಿ ಸಹಿ ಹಾಕಿದ. ‘ಅನುಮೋದಿಸಿಲ್ಲ’ ಎನ್ನುವುದನ್ನು ಹೊಡೆದುಹಾಕಲು ಮರೆತಿದ್ದ. ನಾನು ಎದ್ದು ಹೋಗಿ ವಿನಯದಿಂದ ಜ್ಞಾಪಿಸಿದೆ. ಹೊಡೆದುಹಾಕಿದ. ನನ್ನ ವೃತ್ತಿಜೀವನದ ಪರಮೋಚ್ಚ ಗಳಿಗೆ ಯಾವುದೆಂದು ಕೇಳಿದರೆ ಆ ಒಂದು ಅಡ್ಡಗೆರೆ ಎನ್ನುತ್ತೇನೆ.

ಇಪ್ಪತ್ತೇಳನೆಯ ದಿನ ಗ್ರೆಗ್ ಮತ್ತು ನಾನು ಸೋರ್ಸನ್ನು ಪ್ರಕಟಿಸಿದೆವು. ಕಂಪನಿಯ ಸೈಟನ್ನು ಮಾತ್ರ ನಂಬುವುದು ಬೇಡವೆಂದು ಒಂದು ಸಾರ್ವಜನಿಕ ಸರ್ವರಿಗೂ ಏರಿಸಿದೆವು. ನಲವತ್ತು ಮನೆಗಳಿಗೂ ಅದರ ಸಿ.ಡಿ.ಯನ್ನು ಕಳಿಸಿದೆವು, ನನ್ನ ಕ್ಷಮೆಯ ಜೊತೆಗೆ. ಕ್ಷಮಾಪತ್ರ ಎರಡು ಪುಟವಿತ್ತು. ಶೆಣೈಯವರು ಒಂದು ಪ್ಯಾರಾ ಉಳಿಸಿದರು.

ದೊಡ್ಡ ಕಂಪನಿಯವರು ನಮ್ಮನ್ನು ಕೊಳ್ಳಲಿಲ್ಲ. ಮಾರುಕಟ್ಟೆ ಕುಸಿಯುತ್ತಿತ್ತು. ಆರು ವಾರಕ್ಕೆ ನಮ್ಮ ಕಂಪನಿ ಮುಚ್ಚಿತು. ಕೊನೆಯ ದಿನ, ರಟ್ಟಿನ ಡಬ್ಬಿಗೆ ಸಾಮಾನು ತುಂಬುತ್ತಿದ್ದಾಗ, ನನ್ನ ಬೆನ್ನ ಹಿಂದೆ ಯಾರೋ ಹೇಳಿದ್ದು ಕೇಳಿಸಿತು: ಆ ಕಡತ ಇಲ್ಲದಿದ್ದರೆ ನಾವು ಮಾರಾಟವಾಗಿರುತ್ತಿದ್ದೆವು. ನಾನು ಶೆಣೈಯವರ ಬಳಿ ಹೋದೆ.

“ಹಾಗೇನಾ ಸಾರ್? ನನ್ನಿಂದ ಇಷ್ಟು ಜನರ ಕೆಲಸ ಹೋಯಿತಾ?”

ಅವರು ಡಬ್ಬಿಗೆ ಟೇಪು ಹಚ್ಚುವುದನ್ನು ನಿಲ್ಲಿಸಿದರು. “ಈ ತಿಂಗಳು ಯಾರೂ ಯಾರನ್ನೂ ಕೊಳ್ಳಲಿಲ್ಲ ಮಾರಾಯ್ರೆ. ಕೊಂಡಿದ್ದರೂ ಪೆಟ್ಟಿಗೆ ಅಟ್ಟಕ್ಕೆ, ನಾವು ಮನೆಗೆ. ನಿಮ್ಮ ಕೋಡೊಂದು ಹೊರಗೆ ಉಳೀತು. ಇಲ್ಲಿ ಟೇಪು ಸ್ವಲ್ಪ ಹಿಡೀರಿ.”

ಹಿಡಿದೆ. ಅವರ ಮಾತು ಪೂರ್ತಿ ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ, ಇನ್ನೊಮ್ಮೆ ಆ ಪ್ರಸಂಗ ಬಂದರೆ ಟಿಪ್ಪಣಿ ಮಂಡಿಸುತ್ತೇನೆ, ಒಂದು ವಾರ ಮೊದಲೇ.

ಮನೆಗೆ ಬಂದ ನಾಲ್ಕನೆಯ ದಿನ ಹೆನ್ರಿಕ್ ಅವರಿಂದ ಪತ್ರ ಬಂತು. ಸೋರ್ಸ್ ಪ್ರಕಟಿಸಿದ್ದಕ್ಕೆ ವಂದನೆಯಿಲ್ಲ, ಕಂಪನಿ ಮುಚ್ಚಿದ್ದಕ್ಕೆ ಸಂತಾಪವಿಲ್ಲ. ‘ಇನ್ನೂರ ಹನ್ನೊಂದನೆಯ ಸಾಲು ನೋಡಿ. ಹಾಡು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಹಳೆಯ ಸದ್ದಿನ ಚೂರು ಬರುತ್ತದೆ. ಸರಿಮಾಡಿದರೆ ಇಡೀ ಡ್ರೈವರನ್ನು ಲಿನಕ್ಸಿಗೆ ತೆಗೆದುಕೊಳ್ಳಬಹುದು.’

ಎರಡು ಸಲ ಓದಿದೆ. ಇನ್ನೂರ ಹನ್ನೊಂದನೆಯ ಸಾಲಿನವರೆಗೆ ಆ ಮಹಾಶಯರು ಓದಿದ್ದಾರೆ.

“ಯಾರದು ಕಾಗದ?” ಎಂದಳು ವಸಂತ.

“ಒಂದು ತಪ್ಪು ಸಿಕ್ಕಿದೆಯಂತೆ.”

“ಕಂಪನಿನೇ ಮುಚ್ಚಿತಲ್ಲ ರೀ, ಇನ್ನು ಯಾರಿಗೆ ಸರಿಮಾಡಿಕೊಡ್ತೀರಿ?”

“ಹಾಡು ನಿಲ್ಲಿಸಿ ಮತ್ತೆ ಶುರು ಮಾಡೋರಿಗೆ.”

ಅವಳು ಊಟದ ಮೇಜಿನ ಮೇಲಿದ್ದ ಉಪ್ಪಿನಕಾಯಿ ಭರಣಿ, ಲೋಟಗಳನ್ನೆಲ್ಲ ಒಂದು ಕಡೆ ಸರಿಸಿ ನನ್ನ ಕಂಪ್ಯೂಟರಿಗೆ ಜಾಗ ಮಾಡಿಕೊಟ್ಟಳು.

ಮೂರು ದಿನ ಹಿಡಿಯಿತು. ಪ್ಯಾಚಿನ ಕೊನೆಯಲ್ಲಿ ಬರೆದವರ ಹೆಸರು, ಸಂಸ್ಥೆ ಹಾಕುವ ವಾಡಿಕೆ. ಸಂಸ್ಥೆಯ ಜಾಗದಲ್ಲಿ ಅಭ್ಯಾಸಬಲದಿಂದ ಕಂಪನಿಯ ಹೆಸರು ಹೊಡೆದಿದ್ದೆ. ಅಳಿಸಿ, ನನ್ನ ಹೆಸರೊಂದನ್ನೇ ಬಿಟ್ಟು ಕಳಿಸಿದೆ. ಪತ್ರ ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ಒಂದೇ ಪದದ ಉತ್ತರ ಬಂದಿತ್ತು: ‘ಸೇರಿಸಿದೆ.’

ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂಬತ್ತು ಗಂಟೆಗೆ ಸರಿಯಾಗಿ ಊಟದ ಮೇಜಿಗೆ ಹಾಜರಾಗಿ, ಇನ್ನೂರ ಹನ್ನೆರಡನೆಯ ಸಾಲಿನಿಂದ ಓದತೊಡಗಿದೆ.